ಯಾವ ಅಲಿ, ಯಾವ ಟೈಸನ್?

ಕಾರವಾರದಲ್ಲಿ ಗೆಳೆಯರು ಸೇರಿಸಿದ್ದ ಒಂದು ಸಂಜೆಯ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮೈಕು ಕೈಕೊಟ್ಟ ಹತ್ತು ನಿಮಿಷವನ್ನು ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ಸೆಕೆಯಲ್ಲಿ ಕಡಲ ಗಾಳಿ ಬಿಟ್ಟು ಹಾಲಿನೊಳಗೆ ಬಂದು ಕೂತಿದ್ದೀರಿ. ಅದಕ್ಕೇ ಪೀಠಿಕೆ ಜಾಸ್ತಿ ಎಳೆಯುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಬಾಕ್ಸರ್ ಅಲ್ಲ. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿ ಮೂವತ್ತು ವರ್ಷ ಸೀಟಿ ಊದಿದವನು. ಕಬಡ್ಡಿ, ಖೋಖೋ, ವಾಲಿಬಾಲು, ಇಷ್ಟೇ ನನ್ನ ಪ್ರಪಂಚ. ಬಾಕ್ಸಿಂಗ್ ಹುಚ್ಚು ಹಿಡಿದದ್ದು ಅಂಕೋಲೆಯ ಒಂದು ಕಟಿಂಗ್ ಅಂಗಡಿಯಲ್ಲಿ. ಅಲ್ಲಿ ಕನ್ನಡಿಯ ಮೇಲೆ ಮೊಹಮ್ಮದ್ ಅಲಿಯ ಒಂದು ಚಿತ್ರ ಇತ್ತು. ಹಡಗಿನಲ್ಲಿ ಕೆಲಸಕ್ಕಿದ್ದ ಊರಿನವರೊಬ್ಬರು ಯಾವುದೋ ಬಂದರಿನಿಂದ ತಂದ ಪತ್ರಿಕೆಯ ಹಾಳೆ ಅದು. ಒಂದು ಬದಿಗೆ ವೆಂಕಟರಮಣ, ಇನ್ನೊಂದು ಬದಿಗೆ ಅಲಿ, ನಡುವೆ ಒಂದು ಊದುಬತ್ತಿ. ಇಬ್ಬರಿಗೂ ಅದೇ ಸಾಕಾಗುತ್ತಿತ್ತು.

1988ರ ಮಳೆಗಾಲ. ಮೈಕ್ ಟೈಸನ್ ಎಂಬ ಹುಡುಗ ಮೈಕೆಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮಲಗಿಸಿದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಸ್ಪಿಂಕ್ಸ್ ಅಂದರೆ ಅಲ್ಲಿಯವರೆಗೆ ವೃತ್ತಿಪರ ಪಂದ್ಯದಲ್ಲಿ ಸೋಲೇ ಕಾಣದವನು. ಅಂಗಡಿಯಲ್ಲಿ ಸರದಿಗೆ ಕೂತಿದ್ದ ಕಾಲೇಜು ಹುಡುಗನೊಬ್ಬ ಪೇಪರ್ ಮಡಚಿಟ್ಟು, "ಇವನ ಎದುರು ನಿಮ್ಮ ಅಲಿ ಇದ್ದಿದ್ರೂ ಇಷ್ಟೇ" ಅಂದ. ಅಂಗಡಿಯವರ ಕೈ ನಿಂತಿತು. ಕುರ್ಚಿಯಲ್ಲಿದ್ದ ಗಿರಾಕಿಯ ಗಡ್ಡ ಅರ್ಧ ಹೋಗಿತ್ತು, ಇನ್ನರ್ಧ ನೊರೆಯಲ್ಲಿತ್ತು.

"ಯಾವ ಅಲಿ?" ಅಂತ ಕೇಳಿದರು ಅಂಗಡಿಯವರು.

"ಯಾವ ಅಲಿ ಅಂದ್ರೆ? ಅಲಿ ಒಬ್ನೇ ಅಲ್ವಾ?"

"ಅಲ್ಲ ಮಾರಾಯ," ಅಂದರು ಅವರು, ಕತ್ತಿಯನ್ನು ಚಿತ್ರದ ಕಡೆ ತೋರಿಸುತ್ತ. ಮುಂದೆ ಅರ್ಧ ಗಂಟೆ ವಾದ ನಡೆಯಿತು. ಗಿರಾಕಿಯ ಮುಖದ ಮೇಲೆ ನೊರೆ ಒಣಗಿ ಚರ್ಮ ಬಿಗಿಯಿತು. ಕಡೆಗೆ ತಾನೇ ಟವೆಲು ತಗೊಂಡು ಒರೆಸಿಕೊಂಡು ಎದ್ದ. ಆ ಗಿರಾಕಿ ನಾನೇ.

ಅರ್ಧ ಗಡ್ಡದಲ್ಲಿ ಮನೆಗೆ ಹೋದೆನಾದರೂ ಆ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಯಾವ ಅಲಿ? ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

ಇಂಥ ವಾದ ನಮ್ಮ ಜಿಲ್ಲೆಗೆ ಹೊಸತಲ್ಲ. ಹೊನ್ನಾವರದ ಕಡೆ ಯಕ್ಷಗಾನದ ಆಟ ನೋಡಿ ಮುಗಿಸಿ ಬೆಳಗಿನ ಜಾವ ಮನೆಗೆ ಹೊರಟವರ ಹಿಂದೆ ನಾಲ್ಕು ಹೆಜ್ಜೆ ನಡೆಯಿರಿ. ಕೆರೆಮನೆ ಶಿವರಾಮ ಹೆಗಡೆಯವರ ದುರ್ಯೋಧನನ ಎದುರು ಇವತ್ತಿನವರದ್ದು ಎಂತದು ಅಂತ ಒಬ್ಬರು. ಚಿಟ್ಟಾಣಿಯವರ ಕೀಚಕ ನೋಡದವರು ಮಾತಾಡಲೇಬಾರದು ಅಂತ ಇನ್ನೊಬ್ಬರು. ಶಿವರಾಮ ಹೆಗಡೆಯವರನ್ನು ಇವರಲ್ಲಿ ಎಷ್ಟೋ ಜನ ಕಣ್ಣಾರೆ ನೋಡಿರುವುದಿಲ್ಲ. ಅಪ್ಪ ಹೇಳಿದ್ದು, ಅಜ್ಜ ಹೇಳಿದ್ದು. ಆದರೂ ಬಿಟ್ಟುಕೊಡುವುದಿಲ್ಲ.

ಇನ್ನು ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಯುದ್ಧ. ಅದೇ ಕರ್ಣಾರ್ಜುನ ಪ್ರಸಂಗ ಸಿದ್ದಾಪುರದಲ್ಲಿ ಆದರೆ ಮಾತಿನಲ್ಲಿ ಕರ್ಣ ಮೇಲಾಗಬಹುದು, ಕುಮಟೆಯಲ್ಲಿ ಅರ್ಜುನ. ಅರ್ಥ ಹೇಳುವವರು ಯಾರು ಅನ್ನುವುದರ ಮೇಲೆ ಹೋಯಿತು. ಬೇರೆ ಬೇರೆ ಕಾಲದ ಬಾಕ್ಸರ್‌ಗಳನ್ನು ಎದುರು ನಿಲ್ಲಿಸುವ ಈ ಚಟವೂ ತಾಳಮದ್ದಳೆಯೇ. ಮಾತು ಬಲ್ಲವನ ಕಡೆಯ ಬಾಕ್ಸರ್ ಗೆಲ್ಲುತ್ತಾನೆ.

ಅಮೆರಿಕದವರು ಇದನ್ನು ಯಂತ್ರದ ಕೈಗೆ ಕೊಟ್ಟು ನೋಡಿದರು. 1967ರಲ್ಲಿ ಮಿಯಾಮಿಯ ಮರ್ರಿ ವೊರೋನರ್ ಎಂಬ ರೇಡಿಯೋ ನಿರ್ಮಾಪಕ ಎಲ್ಲ ಕಾಲದ 16 ಹೆವಿವೇಟ್ ಬಾಕ್ಸರ್‌ಗಳನ್ನು ಆರಿಸಿದ. ಅವರ ವಿವರಗಳನ್ನು ಕಂಪ್ಯೂಟರಿಗೆ ಉಣಿಸಿದ. ಅದು ಕಕ್ಕಿದ ಲೆಕ್ಕವನ್ನು ರೇಡಿಯೋದಲ್ಲಿ ಕಾಮೆಂಟರಿ ಮಾಡಿಸಿದ. ಫೈನಲ್‌ನಲ್ಲಿ ರಾಕಿ ಮಾರ್ಸಿಯಾನೊ ಜಾಕ್ ಡೆಂಪ್ಸಿಯನ್ನು ಸೋಲಿಸಿದ. ಅಲಿ ಅಷ್ಟು ದೂರ ಹೋಗಲೇ ಇಲ್ಲ. 1905ರಲ್ಲಿ ಚಾಂಪಿಯನ್ ಆಗಿದ್ದಾಗಲೇ ನಿವೃತ್ತನಾದ ಜಿಮ್ ಜೆಫ್ರೀಸ್ ಕೈಯಲ್ಲಿ ಸೋತ! ನಿಜವಾದ ವೃತ್ತಿಪರ ರಿಂಗಿನಲ್ಲಿ ಆಗ ಅಲಿಯನ್ನು ಸೋಲಿಸಿದವರು ಒಬ್ಬರೂ ಇರಲಿಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನೆಗೆ ಸೇರಲು ಒಪ್ಪಲಿಲ್ಲ ಅಂತ ಅವನ ಪಟ್ಟ ಕಿತ್ತುಕೊಂಡಿದ್ದರು. ಮನುಷ್ಯರು ಕಿತ್ತುಕೊಂಡದ್ದು ಸಾಲದು ಅಂತ ಯಂತ್ರವೂ ಸೋಲಿಸಿತು. ಅಲಿ ಹತ್ತು ಲಕ್ಷ ಡಾಲರಿಗೆ ಕೇಸು ಹಾಕಿದ.

ಕೇಸು ರಾಜಿಯಾದ ರೀತಿ ಕೇಳಿ. ಅಲಿಗೆ ಹತ್ತು ಸಾವಿರ ಡಾಲರ್. ಬದಲಿಗೆ ಅವನು ಮಾರ್ಸಿಯಾನೊ ಜೊತೆ ಒಂದು ಸುಳ್ಳು ಪಂದ್ಯಕ್ಕೆ ಕ್ಯಾಮೆರಾ ಎದುರು ನಿಲ್ಲಬೇಕು. 1969ರಲ್ಲಿ ಮಿಯಾಮಿಯ ಒಂದು ಸ್ಟುಡಿಯೋದಲ್ಲಿ ಬಾಗಿಲು ಹಾಕಿಕೊಂಡು ಚಿತ್ರೀಕರಣ ಮಾಡಿದರು. ಮಾರ್ಸಿಯಾನೊಗೆ ಆಗ 45 ವರ್ಷ. 49 ಪಂದ್ಯ ಆಡಿ, 49ನ್ನೂ ಗೆದ್ದು, 1956ರಲ್ಲೇ ಗ್ಲೌಸ್ ಕಳಚಿಟ್ಟವನು. ಈ ಚಿತ್ರಕ್ಕಾಗಿ ಇಪ್ಪತ್ತು ಕೆಜಿಗೂ ಹೆಚ್ಚು ಇಳಿಸಿ, ಬೋಳು ತಲೆಗೆ ವಿಗ್ಗು ಹಾಕಿಕೊಂಡು ಬಂದಿದ್ದ. ಒಂದೊಂದು ನಿಮಿಷದ ಎಪ್ಪತ್ತರಷ್ಟು ಸುತ್ತು ಆಡಿಸಿದರು. ಮುಖಕ್ಕೆ ಬಣ್ಣದ ರಕ್ತ. ನಡುವೆ ಅಲಿಯ ಕೈ ತಾಗಿ ಮಾರ್ಸಿಯಾನೊನ ವಿಗ್ಗು ಹಾರಿಯೂ ಹೋಯಿತು. ಅಂತ್ಯವನ್ನು ಮಾತ್ರ ಐದಾರು ಥರ ತೆಗೆದಿಟ್ಟುಕೊಂಡರು. ಯಾರು ಗೆಲ್ಲುತ್ತಾರೆ ಅಂತ ಆಡಿದ ಇಬ್ಬರಿಗೂ ಗೊತ್ತಿರಲಿಲ್ಲ.

ಚಿತ್ರೀಕರಣ ಮುಗಿದು ಕೆಲವೇ ವಾರ. ಆಗಸ್ಟ್ 31ಕ್ಕೆ, ಹುಟ್ಟಿದ ಹಬ್ಬದ ಹಿಂದಿನ ದಿನ, ಮಾರ್ಸಿಯಾನೊ ವಿಮಾನ ಬಿದ್ದು ತೀರಿಹೋದ. ಚಿತ್ರವನ್ನು 1970ರ ಜನವರಿಯಲ್ಲಿ ಥಿಯೇಟರುಗಳಲ್ಲಿ ತೋರಿಸಿದರು. ಅಮೆರಿಕದಲ್ಲಿ ನೋಡಿದವರಿಗೆ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ಅಲಿಯನ್ನು ನಾಕೌಟ್ ಮಾಡಿದ. ಯುರೋಪಿನಲ್ಲಿ ನೋಡಿದವರಿಗೆ ಅಲಿ ಗೆದ್ದ. ಅದೇ ಕಂಪ್ಯೂಟರ್, ಅದೇ ಇಬ್ಬರು, ಟಿಕೆಟ್ ಕೊಳ್ಳುವವರು ಬೇರೆ! ಕಂಪ್ಯೂಟರನ್ನು ಅಲಬಾಮಾದಲ್ಲಿ ಮಾಡಿರಬೇಕು ಅಂತ ಅಲಿ ತಮಾಷೆ ಮಾಡಿದ್ದನಂತೆ. ಕರಿಯರಿಗೆ ಬಸ್ಸಿನಲ್ಲಿ ಮುಂದಿನ ಸೀಟೂ ಇಲ್ಲದಿದ್ದ ರಾಜ್ಯ ಅದು.

ಯಂತ್ರದ ಆಸೆ ಈಗಲೂ ಹೋಗಿಲ್ಲ. 2024ರ ಡಿಸೆಂಬರಿನಲ್ಲಿ ರಿಯಾದ್‌ನಲ್ಲಿ ಈ ಕಾಲದ ಹೆವಿವೇಟ್ ಬಾಕ್ಸರ್‌ಗಳಾದ ಉಸಿಕ್ ಮತ್ತು ಫ್ಯೂರಿಯ ಎರಡನೇ ಪಂದ್ಯಕ್ಕೆ ಎಐ ತೀರ್ಪುಗಾರನನ್ನೂ ಕೂರಿಸಿದ್ದರು, ಪ್ರಯೋಗಕ್ಕೆ. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಳ್ಳೆಯದಾಯಿತು.

ಹಾಗಾದರೆ ಯಂತ್ರ ಬೇಡ, ಸಾಕ್ಷಿ ಕೇಳೋಣ ಅಂತೀರಿ. ಅಲಿಯ ಪೆಟ್ಟನ್ನೂ ಟೈಸನ್‌ನ ಪೆಟ್ಟನ್ನೂ ನಿಜವಾದ ಪಂದ್ಯದಲ್ಲಿ ತಿಂದವರು ಇಬ್ಬರಿದ್ದಾರೆ. ಒಬ್ಬ ಟ್ರೆವರ್ ಬರ್ಬಿಕ್. 1981ರಲ್ಲಿ ಬಹಾಮಾಸ್‌ನಲ್ಲಿ ಅಲಿಯ ಕೊನೆಯ ಪಂದ್ಯ ಇವನ ಜೊತೆ, ಪಾಯಿಂಟ್ಸ್ ಮೇಲೆ ಬರ್ಬಿಕ್ ಗೆದ್ದ. 1986ರ ನವೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ಟೈಸನ್ ಎರಡನೇ ಸುತ್ತಿನಲ್ಲಿ ಇವನನ್ನು ಕೆಡವಿ, 20ನೇ ವಯಸ್ಸಿಗೆ ಚಾಂಪಿಯನ್ ಆದ. ಒಂದೇ ಹುಕ್ಕಿಗೆ, ಅಂದರೆ ಬದಿಯಿಂದ ಕೊಕ್ಕೆಯ ಹಾಗೆ ಬರುವ ಗುದ್ದಿಗೆ, ಬರ್ಬಿಕ್ ಮೂರು ಸಲ ಬಿದ್ದ. ಏಳುತ್ತಾನೆ, ಕಾಲು ಕೇಳುವುದಿಲ್ಲ, ಬೀಳುತ್ತಾನೆ. ಮತ್ತೆ ಏಳುತ್ತಾನೆ, ರಿಂಗಿನ ಆ ಬದಿಗೆ ಹೋಗಿ ಬೀಳುತ್ತಾನೆ. ಮೀನು ಇಳಿಸುವ ಧಕ್ಕೆಯಲ್ಲಿ ಒದ್ದೆ ಕಲ್ಲಿನ ಮೇಲೆ ಜಾರಿದವನ ಹಾಗೆ.

ಇನ್ನೊಬ್ಬ ಲ್ಯಾರಿ ಹೋಮ್ಸ್. ಎಳೆಯವನಿದ್ದಾಗ ಅಲಿಯ ಅಭ್ಯಾಸದ ಜೊತೆಗಾರನಾಗಿದ್ದವನು. 1980ರ ಅಕ್ಟೋಬರಿನಲ್ಲಿ ಹೋಮ್ಸ್ ಅಲಿಯನ್ನು ಹತ್ತು ಸುತ್ತು ಚಚ್ಚಿದ. 11ಕ್ಕೆ ಅಲಿಯ ಕಡೆಯವರೇ ಕಳಿಸಲಿಲ್ಲ. ಅಲಿಗೆ ಆಗ 38 ವರ್ಷ. 1988ರ ಜನವರಿಯಲ್ಲಿ ಟೈಸನ್ ಹೋಮ್ಸ್‌ನನ್ನು ನಾಲ್ಕನೇ ಸುತ್ತಿನಲ್ಲಿ ಮುಗಿಸಿದ. ಹೋಮ್ಸ್‌ಗೆ ಆಗ ಎಷ್ಟು ವರ್ಷ ಹೇಳಿ? 38. ಹೆಚ್ಚು ಕಡಿಮೆ ಎರಡು ವರ್ಷ ಮನೆಯಲ್ಲಿ ಕೂತು ಬಂದಿದ್ದ ಬೇರೆ.

ಟೈಸನ್ ಹೇಳಿಕೊಂಡ ಒಂದು ಕಥೆ ಇದೆ. ಅಲಿ ಸೋತಾಗ ಅವನು 14ರ ಹುಡುಗ. ಫೋನಿನಲ್ಲಿ ಅಲಿಗೆ, ನಾನು ದೊಡ್ಡವನಾಗಿ ನಿಮ್ಮ ಸೇಡು ತೀರಿಸುತ್ತೇನೆ ಅಂದಿದ್ದನಂತೆ. 1988ರ ಆ ರಾತ್ರಿ ಅಲಿ ರಿಂಗಿಗೆ ಬಂದು, ಹೇಳಿದ್ದು ನೆನಪಿದೆಯಲ್ಲ ಅಂತ ಕಿವಿಯಲ್ಲಿ ಅಂದನಂತೆ. ಕಥೆ ಚಂದ ಇದೆ. ಸಾಕ್ಷಿಯಾಗಿ ಮಾತ್ರ ಉಪಯೋಗವಿಲ್ಲ. ಹೋಮ್ಸ್ ಹೊಡೆದದ್ದು ಅಲಿಯ ನೆರಳನ್ನು. ಟೈಸನ್ ಹೊಡೆದದ್ದು ಹೋಮ್ಸ್‌ನ ನೆರಳನ್ನು.

ನಮ್ಮ ದೇಶದಲ್ಲೇ ಎರಡು ತಲೆಮಾರು ನಿಜವಾಗಿ ಎದುರಾದದ್ದುಂಟು. 2019ರ ಡಿಸೆಂಬರ್, ದೆಹಲಿ. ಒಲಿಂಪಿಕ್ ಅರ್ಹತಾ ಪಂದ್ಯಕ್ಕೆ 51 ಕೆಜಿಯಲ್ಲಿ ಯಾರು ಹೋಗಬೇಕು ಅನ್ನುವ ಟ್ರಯಲ್ಸ್. ಒಂದು ಕಡೆ ಆರು ಸಲ ವಿಶ್ವ ಚಾಂಪಿಯನ್ ಆಗಿದ್ದ ಮೇರಿ ಕೋಮ್, ವಯಸ್ಸು 35 ದಾಟಿದೆ. ಇನ್ನೊಂದು ಕಡೆ 23ರ ನಿಖತ್ ಝರೀನ್. ಟ್ರಯಲ್ಸ್ ಬೇಕೇ ಬೇಕು ಅಂತ ಹಟ ಹಿಡಿದವರೇ ನಿಖತ್. ಮೇರಿ 9-1ರಲ್ಲಿ ಗೆದ್ದರು, ಆಮೇಲೆ ಕೈ ಕೂಡ ಕುಲುಕಲಿಲ್ಲ. ಮುಂದೆ 2022ರಲ್ಲಿ, 2023ರಲ್ಲಿ ನಿಖತ್ ವಿಶ್ವ ಚಾಂಪಿಯನ್ ಆದರು. ಈಗ ಹೇಳಿ, ಇಬ್ಬರಲ್ಲಿ ಯಾರು ಮೇಲು? ಟ್ರಯಲ್ಸ್ ನಡೆದದ್ದು ಹೌದು. ಆದರೆ ಅದು ಇಳಿಮುಖದ ಮೇರಿ ಮತ್ತು ಇನ್ನೂ ಏರದ ನಿಖತ್ ನಡುವೆ. 2010ರ ಮೇರಿಗೂ 2022ರ ನಿಖತ್‌ಗೂ ಬಿದ್ದಿದ್ದರೆ ಅನ್ನುವ ಪ್ರಶ್ನೆ ಅಲ್ಲಿಗೂ ತೀರಲಿಲ್ಲ. ನಿಜವಾಗಿ ಆಡಿದವರ ಕಥೆಯೇ ಹೀಗೆ.

ಇನ್ನೊಂದು ವಾದ ಬರುತ್ತದೆ, ಇದು ಲೆಕ್ಕದ ಮಾಸ್ತರರ ವಾದ. ಅ ಎಂಬವನು ಆ ಎಂಬವನನ್ನು ಸೋಲಿಸಿದ, ಆ ಎಂಬವನು ಇ ಎಂಬವನನ್ನು ಸೋಲಿಸಿದ, ಹಾಗಾದರೆ ಅ ಎಂಬವನು ಇ ಎಂಬವನಿಗಿಂತ ಗಟ್ಟಿ. ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ಇದು ನಡೆಯುತ್ತದೆ. ಎರಡು ಮೂಟೆ ರಾಶಿ ಅಡಿಕೆ ಮುಂದಿಟ್ಟರೆ ವ್ಯಾಪಾರಿ ಕೈ ಹಾಕಿ ಒಂದು ಹಿಡಿ ಎತ್ತಿ, ಇದು ಮೇಲು, ಇದು ಕೆಳಗೆ ಅಂತ ಹೇಳಿಬಿಡುತ್ತಾನೆ. ಬಾಕ್ಸಿಂಗ್‌ನಲ್ಲಿ ನಡೆಯುವುದಿಲ್ಲ.

ನೋಡಿ. 1971ರಲ್ಲಿ ಜೋ ಫ್ರೇಜಿಯರ್ ಅಲಿಯನ್ನು ಸೋಲಿಸಿದ. 1973ರ ಮಾರ್ಚಿನಲ್ಲಿ ಕೆನ್ ನಾರ್ಟನ್ ಅಲಿಯನ್ನು ಸೋಲಿಸಿದ, ದವಡೆಯನ್ನೂ ಮುರಿದ. ಈ ಇಬ್ಬರನ್ನೂ ಜಾರ್ಜ್ ಫೋರ್ಮನ್ ಎರಡೆರಡೇ ಸುತ್ತಿನಲ್ಲಿ ಮುಗಿಸಿದ. ಫ್ರೇಜಿಯರ್‌ನನ್ನಂತೂ ಜಮೈಕಾದಲ್ಲಿ ಆರು ಸಲ ಕೆಡವಿದ. ಕೂಡಿಸಿ ಕಳೆದರೆ ಫೋರ್ಮನ್ ಎದುರು ಅಲಿ ಉಳಿಯಲೇಬಾರದು. 1974ರ ಅಕ್ಟೋಬರ್ 30, ಕಿನ್ಶಾಸಾ. ಎಂಟನೇ ಸುತ್ತಿನಲ್ಲಿ ಫೋರ್ಮನ್ ಮಲಗಿದ್ದ, ಅಲಿ ನಿಂತಿದ್ದ.

ಯಾಕೆ ಹೀಗೆ? ಫ್ರೇಜಿಯರ್ ಬಗ್ಗಿಕೊಂಡು ಮುಂದೆ ಮುಂದೆ ನುಗ್ಗುವವನು. ಅಲಿ ಗುದ್ದು ಬಂದಾಗ ತಲೆ ಹಿಂದಕ್ಕೆ ಎಳೆಯುವವನು, ಬಲಗೈ ಕೆಳಗೆ ಬಿಡುವವನು. ಆ ತೆರೆದ ಬಾಗಿಲಿಗೆ ಫ್ರೇಜಿಯರ್‌ನ ಎಡಗೈ ಹುಕ್ ಸರಿಯಾಗಿ ಹೊಂದಿಕೊಂಡಿತು. ಅದೇ ಫ್ರೇಜಿಯರ್ ಬಗ್ಗಿ ನುಗ್ಗಿದ್ದು ಫೋರ್ಮನ್‌ನ ಕೆಳಗಿನಿಂದ ಮೇಲೇಳುವ ಗುದ್ದಿಗೆ. ಹೊಂಡಕ್ಕೆ ಇಳಿದ ಹಾಗಾಯಿತು. ಅಲಿ ಫೋರ್ಮನ್ ಕಡೆಗೆ ನುಗ್ಗಲಿಲ್ಲ. ಹಗ್ಗಕ್ಕೆ ಒರಗಿ ತೋಳಲ್ಲಿ ಮುಖ ಮುಚ್ಚಿ, ಹೊಡಿ ಹೊಡಿ ಅಂತ ಕಿವಿಯಲ್ಲಿ ಕೆಣಕಿದ. ಅಮೆರಿಕದ ಟಿವಿಯವರ ಹೊತ್ತಿಗೆ ಹೊಂದಿಸಿ ಬೆಳಗಿನ ಜಾವ ನಾಲ್ಕಕ್ಕೆ ಇಟ್ಟ ಪಂದ್ಯ, ಮಳೆ ಬರುವ ಮೊದಲಿನ ಸೆಕೆ. ಮೇ ತಿಂಗಳ ಕೊನೆಯ ವಾರ ಕಾರವಾರದಲ್ಲಿ ಸೈಕಲ್ ತುಳಿದವರಿಗೆ ಆ ಸೆಕೆ ಬಿಡಿಸಿ ಹೇಳಬೇಕಾಗಿಲ್ಲ. ಐದನೇ ಸುತ್ತಿನ ಹೊತ್ತಿಗೆ ಫೋರ್ಮನ್‌ನ ಕೈ ನೀರು ಕುಡಿದ ಬಲೆಯ ಹಾಗೆ ಭಾರವಾಗಿತ್ತು.

ಸೆಕೆ ಅಂದಾಗ ಇನ್ನೊಂದು ನೆನಪಾಯಿತು. ಶುಗರ್ ರೇ ರಾಬಿನ್ಸನ್. ತೂಕಕ್ಕೆ ತೂಕ ಹಾಕಿದರೆ ಇವನಷ್ಟು ದೊಡ್ಡ ಬಾಕ್ಸರ್ ಇಲ್ಲ ಅಂತ ಹೇಳುವವರೇ ಜಾಸ್ತಿ, ನನ್ನದೂ ಅದೇ ಮತ. 1952ರ ಜೂನಿನಲ್ಲಿ ನ್ಯೂಯಾರ್ಕಿನಲ್ಲಿ ಜೋಯಿ ಮ್ಯಾಕ್ಸಿಮ್ ವಿರುದ್ಧ ಎಲ್ಲ ಲೆಕ್ಕದಲ್ಲೂ ಮುಂದಿದ್ದ. ದೀಪಗಳ ಕೆಳಗೆ ಸುಮಾರು 40 ಡಿಗ್ರಿ ಬಿಸಿ. ಮೊದಲು ರೆಫರಿ ಸುಸ್ತಾಗಿ ಇಳಿದುಹೋದ, ಬೇರೆಯವನನ್ನು ಹತ್ತಿಸಿದರು. 14ನೇ ಸುತ್ತಿಗೆ ರಾಬಿನ್ಸನ್ ಸ್ಟೂಲಿನಿಂದ ಏಳಲಿಲ್ಲ. ದಾಖಲೆಯಲ್ಲಿ ಮ್ಯಾಕ್ಸಿಮ್ ಗೆದ್ದ ಅಂತಲೇ ಇದೆ.

ನಿಯಮದ ಮಾತು ಬೇಗ ಮುಗಿಸುತ್ತೇನೆ. ಹಳಿಯಾಳದ ಕಡೆಯವರು ಯಾರಾದರೂ ಇದ್ದೀರಾ? (ಮೂರು ಕೈ ಎದ್ದವು.) ಮಣ್ಣಿನ ಕುಸ್ತಿಯ ಪೈಲ್ವಾನನನ್ನು ಮ್ಯಾಟಿನ ಮೇಲೆ ನಿಲ್ಲಿಸಿದರೆ ಏನಾಗುತ್ತದೆ ಅಂತ ಇವರನ್ನು ಕೇಳಿ. ಕಾಲು ಹಿಡಿಯುವುದೇ ಬೇರೆ, ಪಾಯಿಂಟ್ ಕೊಡುವುದೇ ಬೇರೆ. ಜಾಕ್ ಡೆಂಪ್ಸಿ 1919ರಲ್ಲಿ ಟೊಲೆಡೊದಲ್ಲಿ ಜೆಸ್ ವಿಲ್ಲಾರ್ಡ್‌ನನ್ನು ಒಂದೇ ಸುತ್ತಿನಲ್ಲಿ ಏಳು ಸಲ ಕೆಡವಿದ. ಡೆಂಪ್ಸಿ 85 ಕೆಜಿ, ವಿಲ್ಲಾರ್ಡ್ 111. ಆದರೆ ಆಗ ಬಿದ್ದವನ ತಲೆಯ ಮೇಲೇ ನಿಂತಿರಬಹುದಿತ್ತು. ಮಂಡಿ ನೆಲ ಬಿಟ್ಟ ಕೂಡಲೇ ಮತ್ತೆ ಹೊಡೆತ. 1927ರಲ್ಲಿ ಶಿಕಾಗೊದಲ್ಲಿ ಜೀನ್ ಟನಿಯನ್ನು ಕೆಡವಿದಾಗ ನಿಯಮ ಬದಲಾಗಿತ್ತು. ಹೊಡೆದವನು ದೂರದ ಮೂಲೆಗೆ ಹೋದ ಮೇಲೇ ಎಣಿಕೆ. ಡೆಂಪ್ಸಿ ಹಳೆ ಅಭ್ಯಾಸದಲ್ಲಿ ಅಲ್ಲೇ ನಿಂತ. ಟನಿಗೆ ಹದಿನಾಲ್ಕು ಸೆಕೆಂಡಿನಷ್ಟು ಸಿಕ್ಕಿತು. ಎದ್ದ, ಪಾಯಿಂಟ್ಸ್ ಮೇಲೆ ಗೆದ್ದ. ಗದಾಯುದ್ಧದಲ್ಲೂ ಹೊಕ್ಕುಳಿನಿಂದ ಕೆಳಗೆ ಹೊಡೆಯಬಾರದು ಅಂತಿತ್ತು, ಭೀಮ ತೊಡೆಗೆ ಹೊಡೆದ, ರೆಫರಿ ಬಲರಾಮನಿಗೆ ಸಿಟ್ಟು ಬಂತು. ಆ ತೀರ್ಪಿನ ಮೇಲೆ ನಮ್ಮಲ್ಲಿ ಇವತ್ತಿಗೂ ತಾಳಮದ್ದಳೆ ಆಗುತ್ತದಲ್ಲ!

ಇನ್ನು ಸುತ್ತುಗಳು. 1982ರಲ್ಲಿ ಕೊರಿಯಾದ ಕಿಮ್ ಡುಕ್ ಕೂ ಎಂಬ ಹುಡುಗ ರೇ ಮಾನ್ಸಿನಿ ಎದುರು 14ನೇ ಸುತ್ತಿನಲ್ಲಿ ಬಿದ್ದ, ಕೆಲವು ದಿನಕ್ಕೆ ತೀರಿಕೊಂಡ. ಆಮೇಲೆ ಒಂದೊಂದೇ ಸಂಸ್ಥೆ 15 ಸುತ್ತನ್ನು 12ಕ್ಕೆ ಇಳಿಸಿತು. ಫ್ರೇಜಿಯರ್ 1971ರಲ್ಲಿ ಅಲಿಯನ್ನು ಕೆಡವಿದ್ದು 15ನೇ ಸುತ್ತಿನಲ್ಲಿ. ಇದೇ ಇಬ್ಬರು ಮತ್ತೆ ಎದುರಾದ ಮನಿಲಾದಲ್ಲಿ ಫ್ರೇಜಿಯರ್‌ನ ಗುರು ಸಾಕು ಅಂದದ್ದು 14 ಮುಗಿದ ಮೇಲೆ. ಟೈಸನ್ ಜೀವನದಲ್ಲಿ ಒಮ್ಮೆಯೂ 13ನೇ ಸುತ್ತು ಆಡಿಲ್ಲ.

ಹಳೆಯವರು ಸಣ್ಣ ಗಾತ್ರದವರು, ಇವತ್ತಿನ ದೈತ್ಯರ ಎದುರು ನಿಲ್ಲುತ್ತಾರಾ ಅಂತ ಈ ಕಾಲದ ಹುಡುಗರು ಕೇಳುತ್ತಾರೆ. ಮೂರು ವರ್ಷದ ಹಿಂದೆ ಕೇಳಿದ್ದರೆ ನಾನೂ ತಡವರಿಸುತ್ತಿದ್ದೆ. 2024ರ ಮೇ ತಿಂಗಳಲ್ಲಿ ಒಲೆಕ್ಸಾಂಡರ್ ಉಸಿಕ್ ಟೈಸನ್ ಫ್ಯೂರಿಯನ್ನು ಸೋಲಿಸಿದ. ಫ್ಯೂರಿ 6 ಅಡಿ 9 ಇಂಚು, 119 ಕೆಜಿ. ಉಸಿಕ್ 6 ಅಡಿ 3 ಇಂಚು, 101 ಕೆಜಿ. ಕೈಯ ಹರವು 78 ಇಂಚು. ಕಿನ್ಶಾಸಾದ ಅಲಿ 6 ಅಡಿ 3 ಇಂಚು, 98 ಕೆಜಿ, ಹರವು 78 ಇಂಚು. ಡಿಸೆಂಬರಿನಲ್ಲಿ ಫ್ಯೂರಿ ಇನ್ನೂ ತೂಕ ಏರಿಸಿ 127 ಕೆಜಿಯಲ್ಲಿ ಬಂದ, ಮತ್ತೆ ಸೋತ. ಹಾಗಂತ 85 ಕೆಜಿಯ ಮಾರ್ಸಿಯಾನೊನನ್ನು ಫ್ಯೂರಿ ಎದುರು ಬಿಡಲು ನನಗೆ ಧೈರ್ಯ ಇಲ್ಲ. 49ಕ್ಕೆ 49 ಗೆದ್ದಿರಲಿ, ಬಿಡುವುದಿಲ್ಲ.

ಈಗ ಹಗ್ಗ.

(ಇಲ್ಲಿ ನಾನು ಚೀಲದಿಂದ ಎರಡು ಕತ್ತದ ಹಗ್ಗ ತೆಗೆದೆ. ಮುಂದಿನ ಸಾಲಿನಿಂದ ಇಬ್ಬರು ಹುಡುಗರನ್ನು ಕರೆದೆ, ಒಬ್ಬ ಉದ್ದ, ಒಬ್ಬ ಗಿಡ್ಡ.)

ಒಂದು ಹಗ್ಗ ಆರೂವರೆ ಅಡಿ, ಅಂದರೆ 78 ಇಂಚು. ಅದು ಅಲಿ. ಇನ್ನೊಂದು ಆರು ಅಡಿಗೆ ಒಂದು ಇಂಚು ಕಡಿಮೆ, 71. ಅದು ಟೈಸನ್. ಈ ಅಳತೆ ಕೈ ಚಾಚಿದಾಗ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ. ಏಳು ಇಂಚು ವ್ಯತ್ಯಾಸ ಕೇಳಲು ದೊಡ್ಡದು. ಆದರೆ ಎರಡು ಕೈಗೆ ಹಂಚಿ. ಒಂದು ಕೈಗೆ ಮೂರೂವರೆ ಇಂಚು. ಹಿಡಿ, ತಮ್ಮಾ, ಹೀಗೆ. ನೋಡಿ, ನಾಲ್ಕು ಬೆರಳಿನ ಅಗಲ. ಅಲಿ ಮತ್ತು ಟೈಸನ್ ಪಂದ್ಯ ಅಂದರೆ ಈ ನಾಲ್ಕು ಬೆರಳಿನ ಜಾಗಕ್ಕೆ ನಡೆಯುವ ಜಗಳ. ಗದ್ದೆ ಅಂಚಿನ ಜಗಳದ ಹಾಗೆ, ಜಾಗ ಸಣ್ಣದು, ಕೇಸು ದೊಡ್ಡದು.

ಟಾಗೋರ್ ಬೀಚಿನಲ್ಲಿ ಮಕ್ಕಳು ತೆರೆಯ ಜೊತೆ ಆಡುವುದನ್ನು ನೋಡಿದ್ದೀರಿ. ತೆರೆ ಬಂತು ಅಂದರೆ ಹಿಂದೆ ಓಡುತ್ತಾರೆ. ಜಾಸ್ತಿ ದೂರ ಹೋಗುವುದಿಲ್ಲ. ನೀರು ಕಾಲಿಗೆ ತಾಗಲು ಒಂದು ಬೆರಳು ಬಾಕಿ ಇರುವಲ್ಲಿ ನಿಲ್ಲುತ್ತಾರೆ, ತೆರೆ ತಿರುಗಿದ ಕೂಡಲೇ ಅದರ ಬೆನ್ನಟ್ಟುತ್ತಾರೆ. ಎಳೆಯ ಅಲಿಯ ಆಟ ಹಾಗೆ. ನಡುವೆ ಒಂದು ದೊಡ್ಡ ತೆರೆ ಬಂದು ಚಡ್ಡಿ ಒದ್ದೆಯಾಗುವುದೂ ಉಂಟು. 1963ರಲ್ಲಿ ಲಂಡನ್‌ನಲ್ಲಿ ಹೆನ್ರಿ ಕೂಪರ್ ಎಡಗೈ ಹುಕ್ಕಿನಲ್ಲಿ ಅಲಿಯನ್ನು ಕೂರಿಸಿದ್ದ. ಟೈಸನ್‌ನ ಎಡಗೈ ಕೂಪರ್‌ನದಕ್ಕಿಂತ ಎಷ್ಟೋ ವೇಗದ್ದು. ಅಲಿಯ ಅಭಿಮಾನಿಗಳು ಈ ಮಾತು ಬಂದಾಗ ಕೆಮ್ಮುತ್ತಾರೆ.

ಟೈಸನ್‌ನ ಕಲೆ ಏನು? ಬರೀ ಶಕ್ತಿ ಅಂತ ತಿಳಿದವರಿಗೆ ಅವನು ಅರ್ಥ ಆಗಿಲ್ಲ. ಗುರು ಕಸ್ ಡಮಾಟೊ ಕಲಿಸಿದ್ದು ಎರಡೂ ಮುಷ್ಟಿ ಕೆನ್ನೆಗೆ ಅಂಟಿಸಿಕೊಂಡು, ತಲೆಯನ್ನು ಒಂದು ಕ್ಷಣವೂ ಒಂದೇ ಕಡೆ ಇಡದೆ, ಬಂದ ಗುದ್ದಿನ ಕೆಳಗಿನಿಂದ ನುಸುಳಿ ಒಳಗೆ ಬರುವುದನ್ನು. ಅವನು ಹೊಡೆಯುವ ಮೊದಲೇ ನಿಮ್ಮ ಹೊಡೆತ ತಪ್ಪಿರುತ್ತದೆ. ಅಲ್ಲಿಗೆ ಅರ್ಧ ಪಂದ್ಯ ಮುಗಿಯಿತು.

ಹಾಗಾದರೆ ಯಾವ ಅಲಿ? ಕಟಿಂಗ್ ಅಂಗಡಿಯವರು ಆ ದಿನ ಹೇಳಿದ್ದನ್ನು ನಾನು ಮೂವತ್ತು ವರ್ಷ ರುಬ್ಬಿದ್ದೇನೆ. 1966ರ ನವೆಂಬರಿನಲ್ಲಿ ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರು ಸುತ್ತಿನಲ್ಲಿ ಮುಗಿಸಿದ ಅಲಿಗೆ ಕಾಲಿತ್ತು. ಅವನು ಪೆಟ್ಟು ತಡೆಯಬಲ್ಲನೇ ಅಂತ ಯಾರೂ ಸರಿಯಾಗಿ ಪರೀಕ್ಷೆ ಮಾಡಿರಲಿಲ್ಲ, ಯಾಕೆಂದರೆ ಹೆಚ್ಚಿನವರ ಪೆಟ್ಟು ತಾಗುತ್ತಲೇ ಇರಲಿಲ್ಲ. 1974ರ ಅಲಿ ಪೆಟ್ಟು ತಡೆಯುತ್ತಿದ್ದ, ಎದುರಾಳಿಯ ಕುತ್ತಿಗೆ ಹಿಡಿದು ಜಗ್ಗಿ ಭಾರ ಹಾಕುತ್ತಿದ್ದ, ಬುದ್ಧಿಯಲ್ಲಿ ಗೆಲ್ಲುತ್ತಿದ್ದ. ಆದರೆ ಕಾಲು ಹೋಗಿತ್ತು. ಮೂರೂವರೆ ವರ್ಷ ರಿಂಗಿನಿಂದ ಹೊರಗಿಟ್ಟದ್ದು ಅದನ್ನೇ ತಿಂದುಹಾಕಿತ್ತು. ವಾದ ಮಾಡುವವರು ಏನು ಮಾಡುತ್ತಾರೆ ಗೊತ್ತಾ? 1966ರ ಕಾಲಿಗೆ 1974ರ ಗುಂಡಿಗೆ ಜೋಡಿಸಿ ಒಬ್ಬ ಅಲಿಯನ್ನು ಕಟ್ಟುತ್ತಾರೆ. ಅಂಥ ಅಲಿ ಒಂದು ದಿನವೂ ಭೂಮಿ ಮೇಲೆ ಇರಲಿಲ್ಲ. ಟೈಸನ್ ಕಡೆಯವರೂ ಕಡಿಮೆ ಇಲ್ಲ. 91 ಸೆಕೆಂಡಿನ ಟೈಸನ್‌ನನ್ನು ತಂದು ಅವನಿಗೆ 15 ಸುತ್ತಿನ ಉಸಿರು ಉಚಿತವಾಗಿ ಕೊಡುತ್ತಾರೆ.

ನನ್ನ ತೀರ್ಪು ಹೇಳದೆ ಇಳಿದರೆ ನೀವು ಬಿಡುವುದಿಲ್ಲ. 1966ರ ಅಲಿ, 1988ರ ಟೈಸನ್, 15 ಸುತ್ತು, ಕೆಡವಿದವನು ಮೂಲೆಗೆ ಹೋಗುವ ನಿಯಮ. ಮೊದಲ ನಾಲ್ಕು ಸುತ್ತಿನಲ್ಲಿ ಅಲಿ ಒಮ್ಮೆ ಬೀಳುತ್ತಾನೆ, ಇದು ಖಂಡಿತ. ಏಳುತ್ತಾನೆ. ಕೂಪರ್ ಕೆಡವಿದಾಗ ಎದ್ದು ಮುಂದಿನ ಸುತ್ತಿನಲ್ಲೇ ಗೆದ್ದಿದ್ದ, ಫ್ರೇಜಿಯರ್ ಕೆಡವಿದಾಗಲೂ ಎದ್ದಿದ್ದ. ಟೈಸನ್ ಬಿದ್ದ ಪಂದ್ಯವನ್ನು ಎದ್ದು ಗೆದ್ದದ್ದು ಒಂದೂ ಇಲ್ಲ. ಆರನೇ ಸುತ್ತಿನ ಮೇಲೆ ಅಲಿಯ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಕೆಲಸ ಶುರು ಮಾಡುತ್ತದೆ. 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಮಾಡಿದ್ದು ಅದನ್ನೇ. ಉದ್ದ ಕೈ, ನಿಲ್ಲದ ಜ್ಯಾಬ್, ಹೆದರದ ಮುಖ. 10ನೇ ಸುತ್ತಿನಲ್ಲಿ ಟೈಸನ್ ನೆಲದ ಮೇಲೆ ಹಲ್ಲುಕವಚ ಹುಡುಕುತ್ತಿದ್ದ. ಡಗ್ಲಸ್‌ಗೆ ಒಂದು ರಾತ್ರಿ ಆದದ್ದು ಅಲಿಗೆ ದಿನಾ ಆಗುತ್ತಿತ್ತು. ಅಲಿ, 11ನೇ ಸುತ್ತು. ಬರೆದಿಟ್ಟುಕೊಳ್ಳಿ.

(ಹಿಂದಿನ ಸಾಲಿನಿಂದ ನೌಕಾನೆಲೆಯ ಒಬ್ಬರು ಎದ್ದು, ಟೈಸನ್ ಸ್ವತಃ ಏನು ಹೇಳಿದ್ದ ಅಂತ ಕೇಳಿದರು.)

1989ರಲ್ಲಿ ಒಂದು ಟಿವಿ ಕಾರ್ಯಕ್ರಮದಲ್ಲಿ ಅಲಿ, ಟೈಸನ್, ಶುಗರ್ ರೇ ಲೆನಾರ್ಡ್ ಮೂವರೂ ಒಟ್ಟಿಗೆ ಕೂತಿದ್ದರು. ಇದೇ ಪ್ರಶ್ನೆ ಬಂತು. ಟೈಸನ್ ಅಲಿಗೆ ತಲೆಬಾಗಿದ. ಅಲಿ, ಇವನ ಗುದ್ದು ತಾಗಿದರೆ ನನ್ನ ಕಥೆ ಮುಗಿಯಿತು ಅನ್ನುವ ಧಾಟಿಯಲ್ಲಿ ಮಾತಾಡಿದ. ಇಬ್ಬರೂ ಎದುರಾಳಿಗೇ ಮತ ಹಾಕಿದರು. ಹಾಗಾಗಿ ಅಲ್ಲೂ ಟೈ ಆಯಿತು ಅನ್ನಿ.

ಸಭೆ ಮುಗಿದು ಚಹಾ ಕುಡಿದು ಹೊರಗೆ ಬಂದರೆ ಆ ಇಬ್ಬರು ಹುಡುಗರು ಮೆಟ್ಟಿಲ ಹತ್ತಿರ ಹಗ್ಗ ಹಿಡಿದೇ ನಿಂತಿದ್ದರು. ಉದ್ದದವನು ಆರೂವರೆ ಅಡಿಯದನ್ನು ಬಿಗಿಯಾಗಿ ಎಳೆದು ಹಿಡಿದಿದ್ದ. ಗಿಡ್ಡನವನು ತಲೆ ತಗ್ಗಿಸಿ ಹಗ್ಗದ ಅಡಿಯಿಂದ ನುಸುಳಿ, ಗೆಳೆಯನ ಎದೆಗೆ ತಲೆ ತಾಗಿಸಿ ನಿಂತ. ಉದ್ದದವನ ಎರಡೂ ಕೈ ಅವನ ಬೆನ್ನ ಹಿಂದೆ ಗಾಳಿಯಲ್ಲಿದ್ದವು.

"ಮಾಸ್ತರೇ," ಅಂದ ಗಿಡ್ಡ ಅಲ್ಲಿಂದಲೇ, "ಇಲ್ಲಿಗೆ ಬಂದ್ಮೇಲೆ ಹಗ್ಗ ಎಂತಕ್ಕೆ?"

"ಹನ್ನೊಂದು ಸಲ ಬರ್ಬೇಕು ಹಾಗೆ," ಅಂದೆ ನಾನು.

"ಒಂದು ಸಲ ಸಾಕಲ್ದಾ?" ಅಂದ ಅವನು, ಮತ್ತೆ ಗೆಳೆಯನ ಹೊಟ್ಟೆಗೆ ಮೆಲ್ಲನೆ ಒಂದು ಗುದ್ದು ಕೊಟ್ಟ.